ಕಪಾಯ

ಮುಳ್ಳೇರಿಯ ಪೇಟೆ, ಹೊಳ್ಳರ ಕಾಪಿ ಕ್ಲಬ್ಬು.
ಗಲ್ಲಾದ ಮೇಲೆ ನೀಲಿ ಹಲಗೆ.
ಬರೆದದ್ದು ಪೈಂಟರ್ ಮೊಯ್ದು;
ಕನ್ನಡ ಓದಲು ಬಾರದು ಅವನಿಗೆ,
ಚೀಟಿ ನೋಡಿ ಚಿತ್ರ ಬಿಡಿಸಿದ್ದ:
ಬನ್ಸು, ಗೋಳಿಬಜೆ, ಅವಲಕ್ಕಿ-ಸಜ್ಜಿಗೆ.
ಕೊನೆಯ ಸಾಲಲ್ಲಿ ಮಾತ್ರ
ಷಕಾರದ ಹೊಟ್ಟೆಯ ಗೆರೆ ಮರೆತು
ಕಷಾಯ ಕಪಾಯವಾಯಿತು.

ತಿದ್ದಲಿಲ್ಲ ಹೊಳ್ಳರು.
"ಚಂದ ಉಂಟಲ್ಲ, ಇರಲಿ."
ಆಮೇಲೆ ಈ ಪೇಟೆಯಲ್ಲಿ
ಕಷಾಯ ಕೇಳಿದವರು ಹೊರಗಿನವರು.

ದರವನ್ನಷ್ಟೇ ತಿದ್ದಿ ತಿದ್ದಿ
ಬಲಬದಿಯಲ್ಲಿ ಬಣ್ಣ ದಪ್ಪಗಟ್ಟಿದೆ;
ಉಗುರಲ್ಲಿ ಕೆರೆದರೆ
ಎಂಟಾಣೆಯ ತನಕ ಇಳಿಯಬಹುದು.

ಮೊನ್ನೆ ಒಂದನೇ ಕ್ಲಾಸಿನ ಹುಡುಗಿ
ಅಕ್ಷರ ಕೂಡಿಸುತ್ತ
"ಅಜ್ಜ, ಅದು ತಪ್ಪು" ಎಂದಳು.
ಮೂಲೆಯ ಮೇಜಿನಲ್ಲಿ ಮೊಯ್ದು,
ಈಗ ಕಣ್ಣಿಗೆ ಪೊರೆ,
ಬೆರಳೆತ್ತಿದ:
"ಹೊಳ್ಳರೇ, ಒಂದು ಕಪಾಯ.
ಬೆಲ್ಲ ಕಮ್ಮಿ."