ಹೆಬ್ಬೆಟ್ಟು

ಅರಕಲಗೂಡಿನಾಚೆ ಕೋಸಿನ ತಾಕು.
ನಮ್ಮದು ಹುಳ ಎಣಿಸುವ ಕೂಲಿ,
ಎಲೆಗಿಷ್ಟು ಅಂತ, ಸಾಹೇಬರ ಪುಸ್ತಕಕ್ಕೆ.

ಮೊದಲ ದಿನವೇ ಸಣ್ಣತಾಯಮ್ಮ ಬೈದಳು:
"ಸವರಬೇಡ ಕಣೇ, ಬೂದಿ ಹೋಗ್ತದೆ."
ಬೂದಿಯಲ್ಲ, ಮೇಣ ಅಂತಾರೆ ಸಾಹೇಬರು.
ಯಾರೂ ನೋಡದಾಗ ಒಂದೆಲೆಗೆ
ಹೆಬ್ಬೆಟ್ಟು ಒತ್ತಿ ತಿಕ್ಕಿದೆ.
ಎಣ್ಣೆ ಹಚ್ಚಿದ ಹಾಗೆ ಹೊಳೆಯಿತು ಹಸಿರು.

ಗುರುವಾರ ಹೋಗಿ ನೋಡಿದರೆ
ಸುತ್ತೆಲ್ಲ ಜಾರಿ ಜಾರಿ ಬಿದ್ದ
ಚಿಗಟದಂಥ ಕರಿದುಂಬಿಗಳು
ನಾನೊತ್ತಿದಲ್ಲೇ ಕಾಲೂರಿ
ಉಂಡೆದ್ದು ಹೋಗಿವೆ.
ನನ್ನ ಬೆರಳಷ್ಟೇ ತೂತು,
ಆಚೆಗೆ ಬಿಸಿಲು.

ಬದುವಿನ ಕಾಡುಸಾಸಿವೆ ಮಾತ್ರ
ಯಾರ ಕೈಗೂ ಸಿಗದೆ
ದಪ್ಪಗೆ ಬೂದಿ ಬಳಿದುಕೊಂಡು ನಿಂತಿತ್ತು.

ಶನಿವಾರ ಬಟವಾಡೆ.
ಮಸ್ಟರ್ ರೋಲಿಗೆ ಇಂಕು ಹಚ್ಚಿ ಒತ್ತುವಾಗ
ಸಾಹೇಬರು ಕೇಳಿದರು:
ಹದಿನೇಳನೇ ಗಿಡದ ತೂತು, ಯಾವ ಹುಳ?

ಕೈ ಸೆರಗಿಗೆ ಒರೆಸಿಕೊಂಡೆ.