ಒಂದು, ಐದು, ಮೂರು, ಆರು

ಬಲಗೈ ಮಣಿಕಟ್ಟು ಪುಷ್ಯದ ಚಳಿಗೆ ಈಗಲೂ ನೋಯುತ್ತದೆ.
ಶೆಟ್ಟರ ಫಾರ್ಗೋ ಒದ್ದ ಒದೆ ಅದು.

ಹಾಸನದ ಸಂತೇಪೇಟೆ, ಬೆಳಗಿನ ಐದು ಗಂಟೆ.
ಹಿಂಗಾರಿನ ಆಲೂಗಡ್ಡೆ ಮೂಟೆಗಳ ಮೇಲೆ ಇಬ್ಬನಿ ಕೂತು
ಗೋಣಿಗೆಲ್ಲ ಒದ್ದೆ ನಾಯಿಯ ವಾಸನೆ.
ನಾನು ಕ್ಲೀನರು, ಹದಿನಾರು ವರ್ಷ.
ಹ್ಯಾಂಡಲ್ ಹಾಕಿ ತಿರುಗಿಸುವುದೇ ನನ್ನ ಸುಪ್ರಭಾತ.

ಹೊತ್ತಿಕೊಂಡರೂ ನೆಟ್ಟಗೆ ನಿಲ್ಲದು:
ಕೆಮ್ಮಿ, ಬಿಕ್ಕಿ, ಒಂದು ಗುಟುಕು ನುಂಗಿ, ನುಂಗಿದ್ದು ಮರೆತು,
ಮಡ್ಗಾರ್ಡು ಗಡಗಡ,
ಪಕ್ಕದ ಕನ್ನಡಿಯಲ್ಲಿ ಡ್ರೈವರ್ ಇನ್ನಾಸಪ್ಪನ ಮುಖ ಮೂರು ಮುಖ.
ಚೋಕು ಎಳೆದರೆ ಕರಿಹೊಗೆ, ಬಿಟ್ಟರೆ ಸಾವು.
ಶಾಂತಿಗ್ರಾಮ ದಾಟುವಷ್ಟರಲ್ಲಿ ಮಾತ್ರ
ಏನೂ ಆಗದವರ ಹಾಗೆ ಓಡುವುದು.
"ಬಿಸಿಯಾದ್ಮೇಲೆ ಯಾವನ್ಲಾ ಕೆಟ್ಟೋನು?"
ಎನ್ನುತ್ತಿದ್ದ ಇನ್ನಾಸಪ್ಪ, ಗೇರು ಬದಲಿಸುತ್ತ.

ಬಿ.ಎಂ. ರಸ್ತೆಯವರು ಆರೂ ಪ್ಲಗ್ಗು ಬದಲಿಸಿದರು.
ಅರಸೀಕೆರೆಯವನು ಪಾಯಿಂಟು ಉಜ್ಜಿ
ಸಿಗರೇಟು ಪ್ಯಾಕಿನ ರಟ್ಟು ತೂರಿಸಿ ಸಂದು ಅಳೆದ.
ಕಂಡೆನ್ಸರ್ ಹೊಸದು ಬಂತು.
ಕಾರ್ಬೊರೇಟರಿಗೆ ಸೀಮೆಣ್ಣೆಯಲ್ಲಿ ಎರಡು ಸಲ ಅಭ್ಯಂಜನ.
ಎಲ್ಲರೂ ಕೊನೆಗೆ ಪುಲ್ಲಿಯ ಗೆರೆಯನ್ನು ಮುಳ್ಳಿಗೆ ಹೊಂದಿಸಿ
"ಟೈಮಿಂಗ್ ಸರಿಯಾಗಿದೆ" ಎಂದು ಕೈ ಒರೆಸಿಕೊಂಡರು.
ಮರುದಿನವೇ ಹ್ಯಾಂಡಲು ಹಿಂದಕ್ಕೆ ಒದೆಯಿತು.
ಮಣಿಕಟ್ಟು ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿತು.

ಆಮೇಲೆ, ಹೊಸಲೈನ್ ರಸ್ತೆಯ ಖುದ್ದೂಸಣ್ಣ.
ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಮುಕ್ಕಾಲು.
ಸ್ಕ್ರೂಡ್ರೈವರಿನ ಹಿಡಿ ಹಲ್ಲಲ್ಲಿ ಕಚ್ಚಿ
ತುದಿಯನ್ನು ಇಂಜಿನ್ನಿಗೆ ಒತ್ತಿ ಕಣ್ಣು ಮುಚ್ಚಿದ.
ಒಂದು, ಐದು, ಮೂರು, ಆರು, ಎರಡು, ನಾಲ್ಕು.
ತೊಡೆಯ ಮೇಲೆ ಬೆರಳು ಬಡಿಯುತ್ತಿತ್ತು,
ಮೂರಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಎಡವುತ್ತ.
ಎದ್ದವನೇ ಕ್ಯಾಬಿನ್ನಿಗೆ ಕೈ ಹಾಕಿ
ಮರಿಯಮ್ಮನ ಪಟದ ಮುಂದಿನ ಊದುಬತ್ತಿ ಕಿತ್ತುಕೊಂಡ.
ಇನ್ನಾಸಪ್ಪ ಬಾಯಿ ತೆರೆದ. ಮುಚ್ಚಿದ.

ಮ್ಯಾನಿಫೋಲ್ಡಿನ ಅಂಚಿಗುಂಟ ಬತ್ತಿ ನಡೆಯಿತು.
ನೆಟ್ಟಗೆ ಏರುತ್ತಿದ್ದ ಹೊಗೆ ನಡುವೆ ಒಂದು ಕಡೆ
ಸರಕ್ಕನೆ ಬಾಗಿ
ಕಬ್ಬಿಣದೊಳಗೆ ಹೊಕ್ಕಿತು.
"ಇಲ್ಲಿ ಕದ್ದು ಗಾಳಿ ಕುಡೀತೈತೆ.
ಬಿಸಿಯಾದ್ರೆ ಹಿಗ್ಗಿ ತಾನೇ ಬಾಯ್ಮುಚ್ಕಂತದೆ."

ಹೊಸ ಪ್ಯಾಕಿಂಗ್ ಹಾಕಿದ ಮೇಲೂ ಅರ್ಧ ನಡುಕ ಉಳಿಯಿತು.
ಶೆಟ್ಟರು ಗೊಣಗಿದರು. ಅವನಿಗೆ ಕೇಳಿಸಲಿಲ್ಲ,
ಅಥವಾ ಕೇಳಿಸಿತು.
ಆರನೆಯ ಸಿಲಿಂಡರಿನ ನೆತ್ತಿಯಲ್ಲಿ
ಜಿಡ್ಡಿನಡಿ ಹೂತುಹೋಗಿದ್ದ ಒಂದು ಪುಟ್ಟ ತಿರುಪು,
ನಾನು ದಿನಾ ಒರೆಸಿಯೂ ಕಾಣದ್ದು,
ಬಿಚ್ಚಿ, ಸೈಕಲ್ ಕಡ್ಡಿ ಇಳಿಬಿಟ್ಟ.
"ಎಡಗೈಲಿ ತಿರುಗ್ಸು. ಮೆಲ್ಲಗೆ.
ಹೆಬ್ಬೆಟ್ಟು ಹಿಡಿ ಸುತ್ತಬಾರ್ದು, ಉಳಿದವರ ಜತೇಲೇ ಇರ್ಲಿ."
ಕಡ್ಡಿ ಏರಿತು, ಇನ್ನೂ ಏರಿತು,
ಏರುವುದೋ ಇಳಿಯುವುದೋ ತಿಳಿಯದೆ
ಒಂದು ಗಳಿಗೆ ನಿಂತಿತು.
"ಅಲ್ಲೇ!"

ಪುಲ್ಲಿಯ ಗೆರೆ ಮುಳ್ಳಿನಿಂದ ಒಂದು ಬೆರಳು ಆಚೆಗಿತ್ತು.

ಒಳಗಿನ ಗುಂಬಕ್ಕೂ ಹೊರಗಿನ ಬಳೆಗೂ ನಡುವೆ ರಬ್ಬರು.
ಇಪ್ಪತ್ತೈದು ವರ್ಷಕ್ಕೆ ಅದರ ಹಿಡಿತ ಸೋತು
ಬಳೆ ಜಾರುತ್ತ ಬಂದಿದೆ, ದಿನಕ್ಕೆ ಎಷ್ಟೋ,
ಗೆರೆಯನ್ನೂ ಜೊತೆಗೇ ಹೊತ್ತುಕೊಂಡು.
ಅಂದರೆ ಅವರೆಲ್ಲ ಸರಿಯಾಗಿಯೇ ಹೊಂದಿಸಿದ್ದರು,
ಸುಳ್ಳಿಗೆ.

ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು
ಖುದ್ದೂಸಣ್ಣ ಬೆರಳ ತುದಿಯಿಂದ ಹೊಸ ಗೆರೆ ಎಳೆದ,
ಉಳಿದ ಸುಣ್ಣವನ್ನು ಎಲೆಗೆ ಒರೆಸಿ ಬಾಯಿಗಿಟ್ಟ.
ಡೆಲ್ಕೊ ಸಡಿಲಿಸಿ ಭತ್ತದ ಕಾಳಿನಷ್ಟು ಹಿಂದಕ್ಕೆ.
ಹನ್ನೆರಡು ರೂಪಾಯಿ ಕೇಳಿದ, ಶೆಟ್ಟರು ಒಂಬತ್ತು ಕೊಟ್ಟರು.
"ಇವತ್ತಲ್ಲ, ನಾಳೆ ನೋಡಾಣ. ತಣ್ಣಗಿದ್ದಾಗ."

ಮರುದಿನ ಚಳಿಗೆ ಮುಂಚೆ ಅವನೇ ಬಂದಿದ್ದ, ಮಫ್ಲರ್ ಸುತ್ತಿ.
ಹ್ಯಾಂಡಲ್ ಇನ್ನಾಸಪ್ಪನ ಕೈಯಲ್ಲಿ, ಅರ್ಧ ಸುತ್ತು,
ಅಷ್ಟೇ.
ಚೀಲದಿಂದ ಉರುಳಿಬಂದ ಒಂದು ಆಲೂಗಡ್ಡೆಯನ್ನು
ಮಡ್ಗಾರ್ಡಿನ ಮೇಲಿಟ್ಟೆ. ಇಟ್ಟಲ್ಲೇ ಇತ್ತು.
ಒಂದು ಐದು ಮೂರು ಆರು
ಎರಡು ನಾಲ್ಕು, ಮತ್ತೆ ಒಂದು.
ಯಾರೂ ಮಾತಾಡಲಿಲ್ಲ.

ಖುದ್ದೂಸಣ್ಣ ನಮ್ಮ ಮುಖಗಳನ್ನು ನೋಡಿ, ಬಾನೆಟ್ಟು ನೋಡಿ,
"ಹೊತ್ಕಂತಾ?" ಎಂದು ಕೇಳಿದ.

ಹೌದು ಎನ್ನಲು ನಾನು
ಊದಿದ ಕೈಯನ್ನೇ ಎತ್ತಿದೆ.