ಸಪ್ಪನ್ನ ಕಡಲು

ಹತ್ತೊಂಬತ್ತು ವರ್ಷಾತು ಮುನಿರಾಬಾದಿಗೆ ಬಂದು.
ಹಿನ್ನೀರಿನ ದಂಡಿಗೆ ಹನ್ನೊಂದು ತಗಡಿನ ಮನಿ,
ಬೋರಲು ಹಾಕಿದ ಹರಗೋಲು, ಒಂದು ಕುಂಟ ನಾಯಿ.
ಊರಂತ ಕರಿಯಂಗಿಲ್ಲ ಇದಕ್ಕ, ಕ್ಯಾಂಪು.

ಮೊದಲ ದಿನ ಒಂದು ಬೊಗಸಿ ನೀರು
ಬಾಯಿಗೆ ಹಾಕ್ಕೊಂಡು ಉಗುಳಿದ್ದೆ:
ಇದೆಂಥಾ ಸಪ್ಪನ್ನ ಕಡಲು!
ಚಂದ್ರನ ಮಾತು ಕೇಳೂದಿಲ್ಲ,
ಗೇಟಿನ ಇಂಜಿನಿಯರನ ಮಾತು ಕೇಳತೈತಿ.

ನಸಿಕಿನ್ಯಾಗ ನೂಕರಾಜು ಬಲಿ ಎಳಕೊಂಡು ಬರ್ತಾನ.
ಕಾಟ್ಲಾ, ರೋಹು, ಮುಳ್ಳು ಹೆಚ್ಚಿನ ಸಣ್ಣವು.
ಬುಟ್ಟಿ ಹೊತ್ತು ಹೊಂಟ್ರ
ಗಿರಣಿ ಶೇಖರಮ್ಮ ಮೂಗು ಮುಚ್ಚಿಕೊಂಡೇ
ಚೌಕಾಶಿ ಮಾಡ್ತಾಳ.

ಐತವಾರ ಕಾಕಿನಾಡದಿಂದ ಫೋನು.
ಅಮ್ಮ ಮೊದಲು ಮಾತಾಡೂದಿಲ್ಲ,
ಫೋನು ಅಲಿಗಳ ಕಡೆ ಹಿಡೀತಾಳ.
ಕಿವಿ-ಹೆಗಲಿನ ನಡುವ ಆ ಸಪ್ಪಳ ಸಿಗಿಸಿ
ನಾ ರೊಟ್ಟಿ ಬಡೀತೀನಿ.

ಹೋದ ಬ್ಯಾಸಿಗಿ ನೀರು ಹಿಂದ ಸರಿದು
ಗ್ವಾಡಿ, ಬಾವಿಕಟ್ಟಿ ಮ್ಯಾಲೆದ್ದಾಗ
ಹುಲಿಗೆವ್ವ ಅಂತ ಒಬ್ಬಾಕಿ ಮುದುಕಿ ಬಂದ್ಲು.
ಮೊಮ್ಮಗಳ ಹೆಗಲು ಹಿಡಕೊಂಡು
ಬಿರಿದ ಕೆಸರಿಗೆ ಬಟ್ಟು ಮಾಡಿದ್ಲು:
"ಇಲ್ಲಿ ಒಲಿ. ಇಲ್ಲಿ ನಾ ಹುಟ್ಟಿದ್ದು."

ವರ್ಷಾವರ್ಷ ನಮ್ಮ ಬಲಿ ಹರಿದದ್ದು ಅಲ್ಲೇ.
ಹಾಳು ಕಲ್ಲು ಅಂತ ಬೈತಿದ್ದೆ,
ನೋಡಿದ್ರ ಒಳ್ಳು.

ಚಾ ಕುಡದ್ಲು. ಮೀನು ಬ್ಯಾಡ ಅಂದ್ಲು.
ಹೋಗುವಾಗ ತಿರುಗಿ ನಿಂತು ಕೇಳಿದ್ಲು,
"ನಿಮ್ಮೂರೂ ಮುಳುಗೇತೇನು?"
ಇಲ್ಲ ಅಂದೆ.
"ಮತ್ಯಾಕ ಬಂದಿ?"

ಮಳಿ ಹಿಡೀತು. ನೀರು ಬಂತು, ಕೆಂಪಗ.
ಈಗ ಆ ಜಾಗ ಸಮೀಪ ಬಂದ್ರ
ನೂಕರಾಜುಗ ಹೇಳ್ತೀನಿ,
ಸುತ್ತು ಹಾಕು,
ತೆಳಗ ಒಲಿ ಐತಿ.